ಕತ್ತಿನ ನೆಟಿಗೆಯೂ ಮಿದುಳಿನ ಲೆಕ್ಕವೂ



ಈ ದತ್ತಿ ಉಪನ್ಯಾಸ ಇಟ್ಟವರ ಷರತ್ತು ಒಂದೇ. ವೈದ್ಯಶಾಸ್ತ್ರದ ಒಂದು ವಿಷಯವನ್ನು ವೈದ್ಯರಲ್ಲದವರೂ ಕೂತು ಕೇಳುವ ಹಾಗೆ ಕನ್ನಡದಲ್ಲಿ ಹೇಳಬೇಕು. ವಿಷಯ ಯಾವುದು ಎಂದು ಸಂಘಟಕರು ಫೋನಿನಲ್ಲಿ ಕೇಳಿದಾಗ ಕತ್ತುನೋವು ಎಂದೆ. "ಅದರಲ್ಲಿ ಒಂದು ಗಂಟೆ ಹೇಳೋವಂಥದ್ದು ಏನಿದೆ ಸಾರ್, ಮುಲಾಮು ಹಚ್ಚಿದರೆ ಹೋಗುತ್ತಲ್ಲ?" ಎಂದರು. ಹೋಗುತ್ತದೆ ನಿಜ. ಮುಲಾಮು ಹಚ್ಚದೆಯೂ ಬಹುಪಾಲು ಹೋಗುತ್ತದೆ. ಆದರೆ ಕತ್ತನ್ನು ಹಿಡಿದು ತಿರುಗಿಸಿ ಲಟಕ್ ಎನಿಸಿದಾಗ ಆ ಕ್ಷಣದಲ್ಲೇ ಹಗುರಾಯಿತು ಅನ್ನಿಸುತ್ತದಲ್ಲ, ಆ ಹಗುರ ಎಲ್ಲಿ ಹುಟ್ಟುತ್ತದೆ? ಕತ್ತಿನಲ್ಲೋ, ತಲೆಯೊಳಗೋ? ಇವತ್ತಿನ ಮಾತೆಲ್ಲ ಈ ಪ್ರಶ್ನೆಯ ಸುತ್ತ.

ನಮ್ಮಲ್ಲಿ ಈ ವಿದ್ಯೆಗೆ ಕಾಲೇಜು ಬೇಕಾಗಿಲ್ಲ. ಕಟಿಂಗ್ ಶಾಪಿನಲ್ಲಿ ಕ್ಷೌರ ಮುಗಿದ ಮೇಲೆ ತಲೆಗೆ ನಾಲ್ಕು ತಟ್ಟಿ, ಗದ್ದಕ್ಕೊಂದು ಕೈ, ತಲೆಯ ಹಿಂಬದಿಗೊಂದು ಕೈ ಕೊಟ್ಟು, "ಸಡಿಲ ಬಿಡಿ ಸಾರ್" ಅನ್ನುತ್ತಲೇ ಬಲಕ್ಕೊಮ್ಮೆ ಎಡಕ್ಕೊಮ್ಮೆ ನೆಟಿಗೆ ತೆಗೆಯುತ್ತಾರೆ. ಊರುಗಳಲ್ಲಿ ಉಳುಕು ತೆಗೆಯುವವರು ಬೇರೆಯೇ ಇದ್ದಾರೆ. ಹುಟ್ಟುವಾಗ ಕಾಲು ಮುಂದಾಗಿ ಬಂದವರಿಂದ ಒದೆಸಿಕೊಂಡರೆ ಸೊಂಟದ ಉಳುಕು ಬಿಡುತ್ತದೆ ಎಂಬ ನಂಬಿಕೆಯನ್ನು ಈ ಸಭೆಯಲ್ಲಿ ಕೇಳದವರು ಕಡಿಮೆ. ಬೆಳಗ್ಗೆ ಎದ್ದಾಗ ಕತ್ತು ಹಿಡಿದುಕೊಂಡಿದ್ದರೆ ದಿಂಬನ್ನು ಬಿಸಿಲಿಗೆ ಹಾಕು ಎಂದು ಅಜ್ಜಿಯರು ಹೇಳುತ್ತಿದ್ದರು. ನಗಬೇಡಿ. ದಿಂಬು ಒಣಗುವ ಹೊತ್ತಿಗೆ ಎಷ್ಟೋ ಜನರಿಗೆ ಕತ್ತು ಬಿಟ್ಟಿದೆ. ಯಾಕೆ ಬಿಟ್ಟಿತು ಅನ್ನುವುದು ಬೇರೆ ಮಾತು, ಮತ್ತು ಅದೇ ಮುಖ್ಯ ಮಾತು.

ಕತ್ತುನೋವು ಸಣ್ಣ ಸಂಗತಿಯೇನೂ ಅಲ್ಲ. ಲೋಕದಲ್ಲಿ ಯಾವ ರೋಗ ಎಷ್ಟು ಜನರನ್ನು ಕಾಡುತ್ತಿದೆ ಎಂದು ಲೆಕ್ಕ ಹಾಕುವ ದೊಡ್ಡ ಸಮೀಕ್ಷೆಯ ಪ್ರಕಾರ 2020ರಲ್ಲಿ ಸುಮಾರು 20 ಕೋಟಿ 30 ಲಕ್ಷ ಮಂದಿಗೆ ಕತ್ತುನೋವು ಇತ್ತು. ಇವರಲ್ಲಿ ಹೆಚ್ಚಿನವರಿಗೆ ಇಂಥದ್ದೇ ಕಾರಣ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಎಕ್ಸ್‌ರೇ ತೆಗೆಸಿದರೆ "ಸವೆದಿದೆ", ಎಂಆರ್‌ಐ ಮಾಡಿಸಿದರೆ "ಡಿಸ್ಕ್ ಜರುಗಿದೆ, ಗ್ಯಾಪ್ ಬಂದಿದೆ" ಎಂಬ ಮಾತು ಕೇಳಿಸಿಕೊಂಡು ಜನ ಗಾಬರಿಯಾಗುತ್ತಾರೆ. ಜಪಾನಿನಲ್ಲಿ ಕತ್ತಿನ ಯಾವ ತೊಂದರೆಯೂ ಇಲ್ಲದ 1,211 ಮಂದಿಯ ಕತ್ತಿನ ಎಂಆರ್‌ಐ ತೆಗೆದು 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ ಶೇ. 87.6 ಮಂದಿಯ ಡಿಸ್ಕ್ ಉಬ್ಬಿತ್ತು. ಅವರಿಗೆ ನೋವಿರಲಿಲ್ಲ ಎಂಬುದನ್ನು ಮತ್ತೆ ನೆನಪಿಸುತ್ತೇನೆ. ಚಿತ್ರದಲ್ಲಿ ಕಾಣುವುದಕ್ಕೂ ರೋಗಿಗೆ ಆಗುವ ನೋವಿಗೂ ಇರುವ ನಂಟು ನಾವು ಅಂದುಕೊಂಡಷ್ಟು ಗಟ್ಟಿಯಲ್ಲ.

ಬೆನ್ನುಮೂಳೆಯನ್ನು ಕೈಯಿಂದ ತಳ್ಳಿ ಚಿಕಿತ್ಸೆ ಮಾಡುವುದನ್ನು ಒಂದು ವೃತ್ತಿಯಾಗಿ ಕಟ್ಟಿದವರು ಅಮೆರಿಕದವರು. ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ವೈದ್ಯ ಆಸ್ಟಿಯೋಪಥಿಯನ್ನು ಹುಟ್ಟುಹಾಕಿ 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್ಲಿನಲ್ಲಿ ಅದಕ್ಕೊಂದು ಶಾಲೆ ತೆರೆದರು. 1895ರ ಸೆಪ್ಟೆಂಬರಿನಲ್ಲಿ ಅಯೋವಾದ ಡಾವನ್‌ಪೋರ್ಟ್ ಊರಿನಲ್ಲಿ ಡಿ.ಡಿ. ಪಾಮರ್ ಅನ್ನುವವರು, ಕಿವಿ ಸರಿಯಾಗಿ ಕೇಳದಿದ್ದ ಹಾರ್ವಿ ಲಿಲ್ಲಾರ್ಡ್ ಎಂಬ ಕಟ್ಟಡದ ಜವಾನನ ಬೆನ್ನಿನ ಒಂದು ಕಶೇರುವನ್ನು ಒತ್ತಿ ಅವನಿಗೆ ಕಿವಿ ಕೇಳುವಂತೆ ಮಾಡಿದೆ ಎಂದು ಹೇಳಿಕೊಂಡರು. ಕೈರೊಪ್ರಾಕ್ಟಿಕ್ ಶುರುವಾದದ್ದು ಹೀಗೆ. ಕಿವಿಯ ನರ ಬೆನ್ನಿನ ಮೂಲಕ ಹಾದುಹೋಗುವುದೇ ಇಲ್ಲವಲ್ಲ ಎಂದು ಮೊದಲ ವರ್ಷದ ವಿದ್ಯಾರ್ಥಿಯೂ ಕೇಳುತ್ತಾನೆ, ಕೇಳಲಿ. ಪಾಮರ್ ಕೊಟ್ಟ ವಿವರಣೆ ಮಾತ್ರ ಬಹುಕಾಲ ನಿಂತಿತು: ಮೂಳೆ ಜಾಗ ತಪ್ಪಿದೆ, ನರವನ್ನು ಅದುಮುತ್ತಿದೆ, ತಳ್ಳಿ ಜಾಗಕ್ಕೆ ಕೂರಿಸಿದರೆ ಗುಣ. ನಮ್ಮ ಉಳುಕು ತೆಗೆಯುವವರೂ ಹೇಳುವುದು ಇದನ್ನೇ.

ಈ ವಿವರಣೆಯನ್ನು ಪರೀಕ್ಷೆ ಮಾಡಬಹುದು, ಮಾಡಿದರು ಕೂಡ. ಸ್ವೀಡನ್ನಿನಲ್ಲಿ 10 ಮಂದಿ ರೋಗಿಗಳ ಸೊಂಟದ ಮೂಳೆಯೊಳಗೆ ಸಾಸಿವೆಗಿಂತ ಚಿಕ್ಕ ಲೋಹದ ಗುಂಡುಗಳನ್ನು ಇಟ್ಟು, ತಳ್ಳುವ ಮೊದಲು ಮತ್ತು ತಳ್ಳಿದ ಮೇಲೆ ಎರಡು ಕೋನಗಳಿಂದ ಎಕ್ಸ್‌ರೇ ತೆಗೆದರು. 1998ರಲ್ಲಿ ಬಂದ ಈ ವರದಿಯ ಸ್ವಾರಸ್ಯ ಇಷ್ಟು: ತಳ್ಳಿದ ಮೇಲೆ ಕೈಯಿಂದ ಮುಟ್ಟಿ ನೋಡಿದ ಪರೀಕ್ಷಕರಿಗೆ ಎಲ್ಲ ಸರಿಹೋಗಿದೆ ಅನ್ನಿಸಿತು. ಎಕ್ಸ್‌ರೇಯಲ್ಲಿ ಮೂಳೆ ಇದ್ದಲ್ಲೇ ಇತ್ತು. ಸೊಂಟದ ಕೀಲು ಬೇರೆ, ಕತ್ತು ಬೇರೆ ಎಂದು ನೀವು ವಾದಿಸಬಹುದು. ಆದರೂ 'ಜಾಗಕ್ಕೆ ಕೂರಿಸುವ' ಕಥೆಗೆ ಅಂದಿನಿಂದ ಬಲ ಕುಂದಿತು.

ಇನ್ನು ಲಟಕ್ ಶಬ್ದ. ಅದು ಮೂಳೆಗೆ ಮೂಳೆ ತಾಗುವ ಸದ್ದಲ್ಲ. ಕೀಲಿನೊಳಗಿನ ಜಿಡ್ಡಾದ ದ್ರವದಲ್ಲಿ ಅನಿಲ ಕರಗಿರುತ್ತದೆ. ಕೀಲಿನ ಎರಡು ಮೇಲ್ಮೈಗಳನ್ನು ಥಟ್ಟನೆ ಅಗಲಿಸಿದಾಗ ಒಳಗಿನ ಒತ್ತಡ ಇಳಿದು ಗುಳ್ಳೆಯಾಗುತ್ತದೆ. ಆ ಗುಳ್ಳೆ ಒಡೆಯುವುದೇ ಸದ್ದು ಎಂದು 1971ರಲ್ಲಿ ಇಂಗ್ಲೆಂಡಿನವರು ಹೇಳಿದ್ದರು. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಎಂಆರ್‌ಐ ಯಂತ್ರದೊಳಗೆ ಬೆರಳನ್ನು ಎಳೆದು ನೋಡಿ, ಗುಳ್ಳೆ ಹುಟ್ಟುವಾಗಲೇ ಸದ್ದಾಗುತ್ತದೆ, ಸದ್ದಿನ ನಂತರವೂ ಆ ಟೊಳ್ಳು ಉಳಿದಿರುತ್ತದೆ ಎಂದರು. ಒಮ್ಮೆ ನೆಟಿಗೆ ಮುರಿದ ಬೆರಳು ಸುಮಾರು 20 ನಿಮಿಷ ಮತ್ತೆ ಸದ್ದು ಮಾಡದಿರುವುದು ಇದರಿಂದಲೇ. ಬೆರಳಿನ ನೆಟಿಗೆ ಮುರಿದರೆ ಸಂಧಿವಾತ ಬರುತ್ತದೆ ಎಂದು ಮಕ್ಕಳನ್ನು ಗದರುವವರಿಗೆ ಒಂದು ಮಾತು. ಅಮೆರಿಕದ ಡೊನಾಲ್ಡ್ ಉಂಗರ್ ಎಂಬ ವೈದ್ಯರು 60 ವರ್ಷಕ್ಕೂ ಹೆಚ್ಚು ಕಾಲ ಎಡಗೈಯ ನೆಟಿಗೆ ಮಾತ್ರ ಮುರಿದು ಬಲಗೈಯನ್ನು ಹಾಗೇ ಬಿಟ್ಟು, ಕೊನೆಗೆ ಎರಡೂ ಕೈ ಒಂದೇ ತೆರ ಇವೆ ಎಂದು ವರದಿ ಮಾಡಿ ವಿನೋದದ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನವನ್ನು 2009ರಲ್ಲಿ ಪಡೆದರು. ಚಿಕಿತ್ಸೆಯ ವೇಳೆ ಸದ್ದು ಬಂದರೂ ಬಾರದಿದ್ದರೂ ಗುಣದಲ್ಲಿ ವ್ಯತ್ಯಾಸವಿಲ್ಲ ಎಂದು ಬೇರೆ ಅಧ್ಯಯನಗಳು ತೋರಿಸಿವೆ. ರೋಗಿಗೆ ಮಾತ್ರ ಆ ಸದ್ದು ಬೇಕು. ಸದ್ದಾಗದಿದ್ದರೆ ಕೊಟ್ಟ ದುಡ್ಡು ದಂಡ ಅನ್ನಿಸುತ್ತದೆ.

ಮೂಳೆ ಸರಿಯಲಿಲ್ಲ, ಸದ್ದಿಗೆ ಬೆಲೆಯಿಲ್ಲ. ಹಾಗಾದರೆ ತಳ್ಳಿದ್ದರಿಂದ ಆದದ್ದೇನು? ದೇಹದೊಳಗೆ ಒಂದು ಸುದ್ದಿ ಹೋಯಿತು, ಅಷ್ಟೆ. ಆ ಸುದ್ದಿ ಎಷ್ಟು ದೊಡ್ಡದು ಎಂದು ತಿಳಿಯಲು ಕತ್ತಿನ ರಚನೆಯನ್ನು ಸ್ವಲ್ಪ ನೋಡಬೇಕು. ತಲೆಬುರುಡೆಯ ಬುಡದಲ್ಲಿ, ಮೊದಲ ಎರಡು ಕಶೇರುಗಳ ಹಿಂದೆ, ಕಿರುಬೆರಳಿಗಿಂತ ಚಿಕ್ಕ ಸ್ನಾಯುಗಳ ಒಂದು ಗುಂಪಿದೆ. ಅವುಗಳೊಳಗೆ ಸ್ನಾಯು ಎಷ್ಟು ಹಿಗ್ಗಿತು, ಎಷ್ಟು ಬೇಗ ಹಿಗ್ಗಿತು ಎಂದು ಕ್ಷಣಕ್ಷಣಕ್ಕೂ ವರದಿ ಮಾಡುವ ಕದಿರಿನಾಕಾರದ ಸೂಕ್ಷ್ಮ ಅಂಗಗಳಿವೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ಮಾನವ ಭ್ರೂಣಗಳ ಈ ಸ್ನಾಯುಗಳನ್ನು ಸೀಳಿ ಎಣಿಸಿ 2001ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಇವುಗಳಲ್ಲೊಂದು ಸ್ನಾಯುವಿನ ಪ್ರತಿ ಗ್ರಾಮಿಗೆ 242 ಕದಿರುಗಳಿವೆ. ತೋಳಿನ, ತೊಡೆಯ ದಪ್ಪ ಸ್ನಾಯುಗಳು ಈ ಸಾಂದ್ರತೆಯ ಹತ್ತಿರಕ್ಕೂ ಬರುವುದಿಲ್ಲ. ತಲೆ ಎತ್ತ ತಿರುಗಿದೆ ಎಂಬುದು ಕಣ್ಣಿಗೂ ಒಳಗಿವಿಗೂ ಗೊತ್ತಾಗಬೇಕು, ಇಲ್ಲದಿದ್ದರೆ ನಡೆಯುವಾಗ ಲೋಕ ಅಲುಗಾಡುತ್ತದೆ. ಅದಕ್ಕೇ ಕತ್ತಿನಲ್ಲಿ ಇಷ್ಟೊಂದು ವರದಿಗಾರರು.

ಈಗ ತಳ್ಳುವ ಕ್ರಿಯೆಯನ್ನು ಹತ್ತಿರದಿಂದ ನೋಡೋಣ. ನುರಿತ ಚಿಕಿತ್ಸಕ ಮೊದಲು ಕತ್ತನ್ನು ತಿರುಗಿಸಿ, ಕೀಲಿನ ಚಲನೆ ಇನ್ನೇನು ಮುಗಿಯಿತು ಅನ್ನುವ ಕಡೆ ತಂದು ನಿಲ್ಲಿಸುತ್ತಾನೆ. ಅಲ್ಲಿಂದ ಒಂದು ಚುರುಕಾದ ನೂಕು. ಕೆನಡಾದ ಕ್ಯಾಲ್ಗರಿಯಲ್ಲಿ ಒತ್ತಡ ಅಳೆಯುವ ಹಾಳೆ ಇಟ್ಟು ನೋಡಿದಾಗ ಕತ್ತಿನ ಮೇಲಿನ ಈ ನೂಕಿನ ಬಲ ಸುಮಾರು 100 ನ್ಯೂಟನ್, ಅಂದರೆ 10 ಕಿಲೋ ತೂಕದಷ್ಟು. ಬೆನ್ನಿನ ಮೇಲಾದರೆ ಅದರ ಮೂರು ನಾಲ್ಕು ಪಟ್ಟು. ಹಿಡಿಯುವ ಕಾಲ ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸು. ರೋಗಿ ಬೇಕೆಂದು ಕತ್ತು ಬಿಗಿ ಹಿಡಿಯುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಇಷ್ಟು ಚಿಕ್ಕ ಅವಧಿಯಲ್ಲಿ ಕೀಲಿನ ಚೀಲ, ಆಳದ ಸ್ನಾಯು, ಚರ್ಮ ಎಲ್ಲದರಿಂದ ಒಟ್ಟಿಗೆ ಸಂಕೇತಗಳು ಬೆನ್ನುಹುರಿಗೆ ನುಗ್ಗುತ್ತವೆ.

ಬೆನ್ನುಹುರಿಯಲ್ಲಿ ನೋವಿನ ಸಂಕೇತವೂ ಬಂದು ಸೇರುತ್ತದೆ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್, ಸ್ಪರ್ಶದ ದಪ್ಪ ನರತಂತುಗಳು ಚುರುಕಾದಾಗ ನೋವಿನ ತೆಳು ತಂತುಗಳ ಸುದ್ದಿ ಮೇಲೇರುವ ಬಾಗಿಲು ಓರೆಯಾಗುತ್ತದೆ ಎಂಬ ಸಿದ್ಧಾಂತ ಮಂಡಿಸಿದರು. ಬಾಗಿಲಿನ ವಿವರಗಳು ಆಮೇಲೆ ಬದಲಾದವು, ಮೂಲ ವಿಚಾರ ಉಳಿಯಿತು. ಮಂಡಿ ತಗುಲಿದಾಗ ನಾವು ತಕ್ಷಣ ಉಜ್ಜಿಕೊಳ್ಳುವುದು ಸುಮ್ಮನೆ ಅಲ್ಲ. ಅದಾಗಿ ನಾಲ್ಕು ವರ್ಷಕ್ಕೆ, 1969ರಲ್ಲಿ, ಡೇವಿಡ್ ರೆನಾಲ್ಡ್ಸ್ ಇಲಿಗಳ ಮಿದುಳಿನ ನಡುಭಾಗದ ಒಂದು ಬೂದುಬಣ್ಣದ ಪ್ರದೇಶಕ್ಕೆ ವಿದ್ಯುತ್ ಕೊಟ್ಟು, ಅರಿವಳಿಕೆಯಿಲ್ಲದೆ ಹೊಟ್ಟೆಯ ಶಸ್ತ್ರಕ್ರಿಯೆ ಮಾಡಿದರು. ಇಲಿ ಮಿಸುಕಲಿಲ್ಲ. ಮಿದುಳು ಮೇಲಿನಿಂದ ಕೆಳಕ್ಕೆ ಅಪ್ಪಣೆ ಕಳಿಸಿ ನೋವನ್ನು ತಡೆಯಬಲ್ಲದು ಎಂಬುದು ಅಲ್ಲಿಗೆ ಖಚಿತವಾಯಿತು.

ಕೀಲನ್ನು ಆಡಿಸಿದಾಗ ಈ ಮೇಲಿನ ಅಪ್ಪಣೆ ಬರುತ್ತದೆಯೇ? 2003ರಲ್ಲಿ ಅಯೋವಾದಲ್ಲಿ (ಪಾಮರ್ ಅವರ ರಾಜ್ಯದಲ್ಲೇ ಎಂಬುದು ಕಾಕತಾಳೀಯ) ಇಲಿಗಳ ಕಣಕಾಲಿನ ಕೀಲಿಗೆ ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಚುಚ್ಚಿ, ಅದೇ ಕಾಲಿನ ಮಂಡಿಯ ಕೀಲನ್ನು ಆಡಿಸಿದರು. ನೋವು ಕಣಕಾಲಿನಲ್ಲಿ, ಆಡಿಸಿದ್ದು ಮಂಡಿ. ಆದರೂ ಪಾದದ ನೋವು ತಗ್ಗಿತು. ಬೆನ್ನುಹುರಿಯಲ್ಲಿ ಸಿರೊಟೋನಿನ್ ಮತ್ತು ನಾರ್‌ಅಡ್ರಿನಲಿನ್ ಕೆಲಸ ಮಾಡದಂತೆ ತಡೆದಾಗ ಈ ಪರಿಣಾಮ ಮಾಯವಾಯಿತು. ಈ ಎರಡು ರಾಸಾಯನಿಕಗಳನ್ನು ಬೆನ್ನುಹುರಿಗೆ ತಂದು ಸುರಿಯುವ ನರಗಳು ಹೊರಡುವುದು ಮಿದುಳಿನ ಕಾಂಡದಿಂದ. ಇಲಿಗೆ ಚಿಕಿತ್ಸಕನ ಮೇಲೆ ನಂಬಿಕೆ, ಫೀಸು ಕೊಟ್ಟ ಚಿಂತೆ ಇವೇನೂ ಇರುವುದಿಲ್ಲ. ಅದಕ್ಕೇ ಈ ಪ್ರಯೋಗವನ್ನು ನಾನು ತುಸು ಹೆಚ್ಚೇ ಗೌರವಿಸುತ್ತೇನೆ.

ಇಲಿಯಿಂದ ಮನುಷ್ಯನ ಕಡೆಗೆ ಬರೋಣ. ಜಪಾನಿನ ಸೆಂಡಾಯ್ ನಗರದಲ್ಲಿ ತೊಹೊಕು ವಿಶ್ವವಿದ್ಯಾಲಯವಿದೆ. ಅಲ್ಲಿನವರು ಕತ್ತುನೋವು ಮತ್ತು ಹೆಗಲ ಬಿಗಿತವಿದ್ದ 12 ಮಂದಿ ಗಂಡಸರನ್ನು ಪೆಟ್ ಯಂತ್ರದಲ್ಲಿ ಪರೀಕ್ಷಿಸಿ 2011ರಲ್ಲಿ ವರದಿ ಪ್ರಕಟಿಸಿದರು. ಈ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬುದು ಗೊತ್ತಿದ್ದರೆ ಮಾತ್ರ ಫಲಿತಾಂಶದ ಬೆಲೆ ತಿಳಿಯುತ್ತದೆ. ನಮ್ಮ ತೂಕದಲ್ಲಿ ಮಿದುಳಿನ ಪಾಲು ಶೇ. 2. ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಅದರ ಪಾಲು ಶೇ. 20ರ ಹತ್ತಿರ. ಅದರ ಊಟ ಗ್ಲೂಕೋಸ್. ಗ್ಲೂಕೋಸನ್ನೇ ಹೋಲುವ, ಆದರೆ ವಿಕಿರಣ ಸೂಸುವ ಫ್ಲೋರಿನ್-18 ಅಂಟಿಸಿದ ಒಂದು ಪದಾರ್ಥವನ್ನು ರಕ್ತನಾಳಕ್ಕೆ ಚುಚ್ಚಿದರೆ, ಮಿದುಳಿನ ಯಾವ ಭಾಗ ಹೆಚ್ಚು ದುಡಿಯುತ್ತಿದೆಯೋ ಆ ಭಾಗ ಅದನ್ನು ಹೆಚ್ಚು ಎಳೆದುಕೊಂಡು ಒಳಗೇ ಇಟ್ಟುಕೊಳ್ಳುತ್ತದೆ. ಫ್ಲೋರಿನ್-18ರ ಅರ್ಧಾಯುಷ್ಯ 110 ನಿಮಿಷ, ಆದ್ದರಿಂದ ಎಲ್ಲವೂ ಗಡಿಬಿಡಿ. ಚುಚ್ಚಿದ ಮೇಲೆ ಆ ವ್ಯಕ್ತಿ ಸದ್ದುಗದ್ದಲವಿಲ್ಲದೆ ಸುಮ್ಮನಿರಬೇಕು. ಆಮೇಲೆ ಯಂತ್ರದೊಳಗೆ ಮಲಗಿಸಿ ಯಾವ ಜಾಗದಿಂದ ಎಷ್ಟು ಕಿರಣ ಬರುತ್ತಿದೆ ಎಂದು ಎಣಿಸುತ್ತಾರೆ. ಹಾಗಾಗಿ ಈ ಚಿತ್ರ ಒಂದು ಕ್ಷಣದ್ದಲ್ಲ, ಚುಚ್ಚಿದ ನಂತರದ ಅರ್ಧ ಗಂಟೆಯ ಒಟ್ಟು ಜಮಾಖರ್ಚು.

ಸೆಂಡಾಯ್‌ನವರು ಪ್ರತಿಯೊಬ್ಬನಿಗೂ ಎರಡು ಸಲ ಪೆಟ್ ಮಾಡಿದರು. ಒಂದು ಸಲ ಕೈರೊಪ್ರಾಕ್ಟಿಕ್ ಚಿಕಿತ್ಸೆ ಕೊಟ್ಟು, ಇನ್ನೊಂದು ಸಲ ಏನೂ ಮಾಡದೆ ವಿಶ್ರಾಂತಿಯಲ್ಲಿಟ್ಟು. ಚಿಕಿತ್ಸೆಯ ದಿನ ನೋವಿನ ಅಂಕ ಇಳಿಯಿತು. ಒತ್ತಡದ ಪ್ರಶ್ನಾವಳಿಯ ಅಂಕವೂ ಇಳಿಯಿತು. ಉದ್ವೇಗವಿದ್ದಾಗ ಏರುವ, ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವವೂ ಕಡಿಮೆಯಾಯಿತು. ಮಿದುಳಿನಲ್ಲಿ, ಹಣೆಯ ಹಿಂದಿನ ಭಾಗದ ಕೆಳಪಟ್ಟಿ, ಎರಡು ಅರೆಗೋಳಗಳ ನಡುವಣ ಸಿಂಗ್ಯುಲೇಟ್ ಮಡಿಕೆಯ ಮುಂಭಾಗ, ಕಿವಿಯ ಬದಿಯ ನಡು ಮಡಿಕೆ ಇವು ಹೆಚ್ಚು ಗ್ಲೂಕೋಸ್ ಎಳೆದುಕೊಂಡಿದ್ದವು. ಕಿರುಮೆದುಳಿನ ನಡುಪಟ್ಟಿಯೂ ಹಿಂಬದಿಯ ದೃಷ್ಟಿಗೆ ಸಂಬಂಧಿಸಿದ ಭಾಗವೂ ಕಡಿಮೆ ಎಳೆದುಕೊಂಡಿದ್ದವು. ದೇಹ ಒಂದು ಬಗೆಯ ನಿರಾಳಕ್ಕೆ ಇಳಿದಿದೆ, ಉದ್ವೇಗದ ನರಮಂಡಲ ತಣ್ಣಗಾಗಿದೆ ಎಂದು ಸಂಶೋಧಕರು ಅರ್ಥೈಸಿದರು.

ಈ ಚಿತ್ರ ನಿಜ ಎಂದೇ ನಾನು ಒಪ್ಪುತ್ತೇನೆ. ತಕರಾರು ಅದರ ಅಡಿಬರಹದ ಬಗ್ಗೆ. ಹೋಲಿಸಿದ್ದು ಯಾವುದಕ್ಕೆ ಯಾವುದನ್ನು? ಒಂದು ದಿನ ಆ ಮನುಷ್ಯನಿಗೆ ಒಬ್ಬ ಚಿಕಿತ್ಸಕ ಸಿಕ್ಕ, ನೋವೆಲ್ಲಿ ಎಂದು ಕೇಳಿದ, ಮುಟ್ಟಿ ನೋಡಿದ, ಬೆನ್ನು ಕತ್ತಿನ ಮೇಲೆ ಕೈಯಾಡಿಸಿದ, ತಳ್ಳಿದ. ಇನ್ನೊಂದು ದಿನ ಯಾರೂ ಮುಟ್ಟಲಿಲ್ಲ. ಎರಡು ದಿನಗಳ ನಡುವಣ ವ್ಯತ್ಯಾಸದಲ್ಲಿ ತಳ್ಳಿದ್ದರ ಪಾಲೆಷ್ಟು, ಮುಟ್ಟಿದ್ದರ ಪಾಲೆಷ್ಟು, ಯಾರೋ ವಿಚಾರಿಸಿಕೊಂಡರು ಅನ್ನುವ ಸಮಾಧಾನದ ಪಾಲೆಷ್ಟು? ಒಂದೇ ಮಡಿಕೆ ಎರಡು ಕೆಲಸ ಮಾಡುವುದೂ ಇಲ್ಲಿ ತೊಡಕು. ಸಿಂಗ್ಯುಲೇಟ್ ಮುಂಭಾಗ ನೋವಾದಾಗಲೂ ಚುರುಕಾಗುತ್ತದೆ, ನೋವನ್ನು ಅದುಮುವ ಅಪ್ಪಣೆ ಹೊರಡುವಾಗಲೂ ಚುರುಕಾಗುತ್ತದೆ. ಅದು ಹೊಳೆಯುತ್ತಿದೆ ಎಂದಷ್ಟೇ ಕಂಡರೆ ಎರಡರಲ್ಲಿ ಯಾವುದು ಎಂದು ಹೇಳುವುದು ಹೇಗೆ? ಬಣ್ಣದ ಮಿದುಳು ಚಿತ್ರಗಳ ಮುಂದೆ ನಮ್ಮ ವಿವೇಕ ಬೇಗ ಮಂಕಾಗುತ್ತದೆ. ಲೆಕ್ಕದಲ್ಲಿ ತಕ್ಕ ತಿದ್ದುಪಡಿ ಮಾಡದಿದ್ದರೆ ಏನಾಗುತ್ತದೆಂದು ತೋರಿಸಲು, ಅಮೆರಿಕದ ಕೆಲವರು ಸತ್ತ ಸಾಲ್ಮನ್ ಮೀನನ್ನು ಮಿದುಳಿನ ಚಟುವಟಿಕೆ ತೋರಿಸುವ ಎಫ್‌ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಅದಕ್ಕೆ ಮನುಷ್ಯರ ಫೋಟೋ ತೋರಿಸಿ, ಅದರ ಮಿದುಳಿನಲ್ಲಿ 'ಚಟುವಟಿಕೆ' ಕಂಡುಹಿಡಿದರು. ಅವರಿಗೂ 2012ರಲ್ಲಿ ಇಗ್ ನೊಬೆಲ್ ಬಂತು.

ನ್ಯೂಜಿಲೆಂಡಿನ ಆಕ್ಲೆಂಡಿನ ಸಂಶೋಧಕಿ ಹೈಡಿ ಹಾವಿಕ್ ಅವರ ಕೆಲಸ ಈ ತಕರಾರಿಗೆ ಸ್ವಲ್ಪ ಮಟ್ಟಿಗೆ ಉತ್ತರ ಕೊಡುತ್ತದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಅವರು ಮಣಿಕಟ್ಟಿನ ನರಕ್ಕೆ ಸಣ್ಣ ವಿದ್ಯುತ್ ಕೊಟ್ಟು, ತಲೆಯ ಮೇಲೆ ಅಂಟಿಸಿದ ತಂತಿಗಳಿಂದ ಆ ಸುದ್ದಿ ಮಿದುಳು ತಲುಪಿದ ಅಲೆಗಳನ್ನು ಅಳೆದರು. ವಿದ್ಯುತ್ ಕೊಟ್ಟ 20 ಮಿಲಿಸೆಕೆಂಡಿನ ಹೊತ್ತಿಗೆ ಒಂದು ಅಲೆ, 30ರ ಹೊತ್ತಿಗೆ ಇನ್ನೊಂದು. ಆಗಾಗ ಕತ್ತಿನ ತೊಂದರೆ ಕಾಣಿಸಿಕೊಳ್ಳುವವರ ಕತ್ತನ್ನು ತಳ್ಳಿದ ಮೇಲೆ ಈ ಅಲೆಗಳು ಕೆಲವು ನಿಮಿಷಗಳ ಕಾಲ ತಗ್ಗಿದವು. ತಳ್ಳದೆ ತಲೆಯನ್ನು ಸುಮ್ಮನೆ ಅತ್ತಿತ್ತ ತಿರುಗಿಸಿದಾಗ ತಗ್ಗಲಿಲ್ಲ. 2007ರ ಈ ಫಲಿತಾಂಶದಲ್ಲಿ ನೂಕಿಗೇ ಸೇರಿದ ಏನೋ ಒಂದು ಇದೆ. ಆದರೆ ಈ ಅಲೆಗಳು ನೋವಿನವಲ್ಲ, ಸ್ಪರ್ಶ ಮತ್ತು ಚಲನೆಯ ಸುದ್ದಿಯನ್ನು ಮಿದುಳು ಹೊಂದಿಸಿಕೊಳ್ಳುವ ಬಗೆಯವು. ಅಲೆ ತಗ್ಗಿತು ಅಂದರೆ ನೋವು ತಗ್ಗಿತು ಎಂದಲ್ಲ.

ಅಮೆರಿಕದಲ್ಲಿ 2013ರಲ್ಲಿ ಆರೋಗ್ಯವಂತರಾದ 10 ಮಂದಿಯ ತೋರುಬೆರಳಿನ ಉಗುರಿನ ಬುಡಕ್ಕೆ ಚುಚ್ಚಿ, ಬೆನ್ನಿನ ಮೇಲ್ಭಾಗವನ್ನು ತಳ್ಳಿ, ಮತ್ತೆ ಚುಚ್ಚಿ ನೋಡಿದರು. ಎರಡನೇ ಸಲ ನೋವಿನ ಅಂಕವೂ ಕಡಿಮೆ, ಮೊದಲು ನೋವಿಗೆ ಮಿಡಿದಿದ್ದ ಮಿದುಳಿನ ಕೆಲವು ಭಾಗಗಳ ಚಟುವಟಿಕೆಯೂ ಕಡಿಮೆ. ಹೋಲಿಸಲು ಇನ್ನೊಂದು ಗುಂಪು ಇರಲಿಲ್ಲ. ಅದೇ ಚುಚ್ಚು ಎರಡನೇ ಸಲ ಅಷ್ಟು ಹೆದರಿಸುವುದಿಲ್ಲ ಎಂದು ಯಾರಾದರೂ ಅಂದರೆ ಈ ಪ್ರಯೋಗದಲ್ಲಿ ಅದಕ್ಕೆ ಉತ್ತರವಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಫ್ಲೋರಿಡಾ ವಿಶ್ವವಿದ್ಯಾಲಯದಿಂದ ಬಂದ ಎರಡು ಪ್ರಯೋಗ. 2014ರದ್ದು ಕತ್ತಿನದಲ್ಲ, ಸೊಂಟದ್ದು. 24 ಮಂದಿಗೆ ಸೊಂಟದ ಕಸರತ್ತು ಮಾಡಿಸಿ ಬೇಕೆಂದೇ ಮೈನೋವು ಬರಿಸಿದರು. ಆಮೇಲೆ ಮೂರು ಗುಂಪು. ಒಂದಕ್ಕೆ ಲಟಕ್ ಎನ್ನುವ ನೂಕು, ಇನ್ನೊಂದಕ್ಕೆ ಕೀಲನ್ನು ಮೆಲ್ಲಗೆ ಆಡಿಸುವುದು, ಮೂರನೆಯದಕ್ಕೆ ಸುಮ್ಮನೆ ಕೈಯಿಟ್ಟಿರುವುದು. ಮಿದುಳಿನ ನೋವಿನ ಭಾಗಗಳು ಒಂದರ ಜೊತೆ ಒಂದು ಎಷ್ಟು ತಾಳ ಹೊಂದಿಸುತ್ತಿವೆ ಎಂದು ಎಫ್‌ಎಂಆರ್‌ಐಯಲ್ಲಿ ಮೊದಲೂ ಆಮೇಲೂ ಅಳೆದರು. ನೋವು ಮೂರು ಗುಂಪಿನಲ್ಲೂ ಇಳಿಯಿತು. ಮಿದುಳಿನ ನಂಟುಗಳೂ ಬದಲಾದವು, ಕೆಲವು ಮೂರೂ ಗುಂಪಿನಲ್ಲಿ ಒಂದೇ ತೆರ, ಇನ್ನು ಕೆಲವು ಗುಂಪಿಗೆ ತಕ್ಕಂತೆ. ಸೆಂಡಾಯ್‌ನಲ್ಲಿ ಇಲ್ಲದೆ ಹೋದ, ಸುಮ್ಮನೆ ಕೈಯಿಟ್ಟ ಗುಂಪು ಇಲ್ಲಿತ್ತು, ಮತ್ತು ನೋವಿನ ಮಟ್ಟಿಗೆ ಅದೂ ಉಳಿದೆರಡರ ಕತೆಯನ್ನೇ ಹೇಳಿತು.

ಎರಡನೆಯದು ಅದಕ್ಕಿಂತ ಹಿಂದಿನದು, 2008ರದ್ದು. ಜೋಯಲ್ ಬಿಯಾಲಾಸ್ಕಿ ಮತ್ತು ಸಂಗಡಿಗರು 60 ಮಂದಿ ಆರೋಗ್ಯವಂತರಿಗೆ ಒಂದೇ ಬಗೆಯ ನೂಕು ಕೊಟ್ಟರು. ಕೊಡುವ ಮೊದಲು ಹೇಳಿದ ಮಾತು ಮಾತ್ರ ಬೇರೆ ಬೇರೆ. ಕೆಲವರಿಗೆ ಇದರಿಂದ ನೋವು ಕಡಿಮೆಯಾಗುತ್ತದೆ ಎಂದರು, ಕೆಲವರಿಗೆ ಇದು ಕೆಲಸಕ್ಕೆ ಬಾರದ್ದು ಎಂದರು, ಉಳಿದವರಿಗೆ ಇದರ ಪರಿಣಾಮ ಇನ್ನೂ ಗೊತ್ತಾಗಿಲ್ಲ ಎಂದರು. ಸೊಂಟಕ್ಕೆ ಬಿಸಿ ತಾಗಿಸಿ ನೋಡಿದಾಗ, ಕೆಲಸಕ್ಕೆ ಬಾರದ್ದು ಎಂದು ಕೇಳಿಸಿಕೊಂಡವರಿಗೆ ನೋವು ಮೊದಲಿಗಿಂತ ಹೆಚ್ಚಾಗಿತ್ತು. ಮಾತಿಗೆ ಅಷ್ಟು ಬಲ. ಆದರೆ ಕಾಲಿಗೆ ಬಿಸಿ ತಾಗಿಸಿದಾಗ ಮೂರೂ ಗುಂಪಿನವರ ನೋವು ಒಂದೇ ತೆರ ಇಳಿಯಿತು. ಅಲ್ಲಿ ಮಾತಿನ ಆಟ ನಡೆಯಲಿಲ್ಲ. ಅಂದರೆ ನಿರೀಕ್ಷೆ ಒಂದು ದಾರಿಯಲ್ಲಿ, ಬೆನ್ನುಹುರಿಯ ತಡೆ ಇನ್ನೊಂದು ದಾರಿಯಲ್ಲಿ ಏಕಕಾಲಕ್ಕೆ ಕೆಲಸ ಮಾಡುತ್ತಿರಬಹುದು. ಎಲ್ಲವೂ ಮನಸ್ಸಿನದೇ ಎಂದು ಕೈತೊಳೆದುಕೊಳ್ಳುವವರಿಗೂ ಎಲ್ಲವೂ ಮೂಳೆಯದೇ ಎಂದು ಬೋರ್ಡು ಹಾಕಿಕೊಂಡವರಿಗೂ ಈ ಪ್ರಯೋಗ ಅನುಕೂಲವಾಗಿಲ್ಲ.

ಮಾತ್ರೆಯಾದರೆ ಹುಸಿಮಾತ್ರೆ ಮಾಡುವುದು ಸುಲಭ. ಹುಸಿನೂಕು ಮಾಡುವುದು ಹೇಗೆ? ನಾರ್ವೆಯವರು ಮೈಗ್ರೇನ್ ತಲೆನೋವಿನ 104 ಮಂದಿಯ ಮೇಲೆ ಇದನ್ನು ಮಾಡಿ ತೋರಿಸಿದರು. ಹುಸಿ ಗುಂಪಿನವರಿಗೆ ಬೆನ್ನುಮೂಳೆ ಮುಟ್ಟದೆ ಹೆಗಲೆಲುಬಿನ ಅಂಚು, ಪಿರ್ರೆ ಇಂಥ ಕಡೆ ತಳ್ಳಿದರು. 12 ಸಲದ ನಂತರವೂ ಎರಡೂ ಗುಂಪಿನಲ್ಲಿ ಶೇ. 80ಕ್ಕೂ ಹೆಚ್ಚು ಮಂದಿ ತಮಗೆ ಸಿಕ್ಕಿದ್ದು ಅಸಲಿ ಎಂದೇ ನಂಬಿದ್ದರು. ತಲೆನೋವಿನ ದಿನಗಳು ಎರಡೂ ಗುಂಪಿನಲ್ಲಿ ಕಡಿಮೆಯಾದವು, ಅಸಲಿಗೂ ಹುಸಿಗೂ ವ್ಯತ್ಯಾಸ ಕಾಣಲಿಲ್ಲ.

ಹುಸಿ ಅಂದಮಾತ್ರಕ್ಕೆ ಗುಣ ಹುಸಿಯಲ್ಲ. 1978ರಲ್ಲಿ ಲೆವಿನ್, ಗಾರ್ಡನ್, ಫೀಲ್ಡ್ಸ್ ಎಂಬ ಮೂವರು ಹಲ್ಲು ಕೀಳಿಸಿಕೊಂಡವರಿಗೆ ನಾಲೋಕ್ಸೋನ್ ಕೊಟ್ಟು ನೋಡಿದರು. ಅಫೀಮಿನ ಪರಿಣಾಮವನ್ನು ತಡೆಯುವ ಔಷಧಿ ಅದು. ಹುಸಿಮದ್ದಿನಿಂದ ನೋವು ಇಳಿದಿದ್ದವರ ನೋವು ಮತ್ತೆ ಏರಿತು. ಮಿದುಳು ತಾನೇ ತಯಾರಿಸಿದ ಅಫೀಮನ್ನು ಬಿಡುಗಡೆ ಮಾಡಿತ್ತು ಎಂದಾಯಿತು. ಕಟಿಂಗ್ ಶಾಪಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತವನಿಗೆ ಸಿಗುವ ಹಗುರವನ್ನು ನಾನು ಭ್ರಮೆ ಎಂದು ಕರೆಯಲಾರೆ. ನನ್ನ ನಿಲುವು ಇಷ್ಟು: ಆ ಹಗುರದ ಬಹುಭಾಗ ಮಿದುಳಿನದು, ಮತ್ತು ಅದನ್ನು ಎಬ್ಬಿಸಲು ಕತ್ತನ್ನೇ ಆ ಪರಿ ತಿರುಗಿಸಬೇಕಾಗಿಲ್ಲ.

ಹೀಗೆ ಹೇಳಲು ಕಾರಣವಿದೆ. ಕತ್ತಿನ ಕಶೇರುಗಳ ಇಕ್ಕೆಲದಲ್ಲಿ ಸಣ್ಣ ತೂತುಗಳಿವೆ. ಆರನೆಯದರಿಂದ ಮೊದಲನೆಯದರವರೆಗೆ ಅವುಗಳ ಮೂಲಕ ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ನಾಳ ಏರುತ್ತದೆ. ಮೇಲೆ ಹೋದಂತೆ ಅದು ಮೊದಲ ಕಶೇರುವಿನ ಮೇಲೆ ಬಳುಕಿ ಒಳಗೆ ಹೋಗುತ್ತದೆ. ನಾವು ತಲೆ ತಿರುಗಿಸುವ ಒಟ್ಟು ಅಳತೆಯಲ್ಲಿ ಅರ್ಧದಷ್ಟು ಆಗುವುದು ಮೊದಲ ಎರಡು ಕಶೇರುಗಳ ನಡುವೆ, ಸರಿಯಾಗಿ ಅದೇ ಜಾಗದಲ್ಲಿ. ರಭಸದಿಂದ ತಿರುಚಿದಾಗ ನಾಳದ ಒಳಪದರ ಹರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗಬಹುದು. 2024ರಲ್ಲಿ ಬಳ್ಳಾರಿಯ ಯುವಕನೊಬ್ಬನಿಗೆ ಕ್ಷೌರದಂಗಡಿಯಲ್ಲಿ ತಲೆ ಮಾಲೀಶು ಮಾಡಿ ಕತ್ತು ತಿರುಗಿಸಿದ ನಂತರ ಹೀಗಾದ ಸುದ್ದಿಯನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು.

ಇದು ಅಪರೂಪ, ಅದನ್ನೂ ಹೇಳಬೇಕು. ಕೆನಡಾದ ಒಂಟಾರಿಯೊದಲ್ಲಿ 1993ರಿಂದ 2002ರವರೆಗಿನ ದಾಖಲೆ ಜಾಲಾಡಿದಾಗ ಈ ಬಗೆಯ ಪಾರ್ಶ್ವವಾಯು ಒಟ್ಟು 818 ಸಿಕ್ಕವು. 45ರ ಒಳಗಿನವರಲ್ಲಿ ಕೈರೊಪ್ರಾಕ್ಟರ್ ಹತ್ತಿರ ಹೋಗಿದ್ದಕ್ಕೂ ಪಾರ್ಶ್ವವಾಯುವಿಗೂ ನಂಟು ಕಂಡಿತು. ಸಾಮಾನ್ಯ ವೈದ್ಯರ ಹತ್ತಿರ ಹೋಗಿದ್ದಕ್ಕೂ ಅಷ್ಟೇ ನಂಟು ಕಂಡಿತು! ಇದಕ್ಕೆ ಸಂಶೋಧಕರು ಕೊಟ್ಟ ಅರ್ಥ ಯೋಚಿಸುವಂಥದ್ದು. ನಾಳ ಮೊದಲೇ ಹರಿಯಲು ಶುರುವಾದವರಿಗೆ ಕತ್ತುನೋವು, ತಲೆನೋವು ಬರುತ್ತದೆ. ಆ ನೋವಿಗೆಂದೇ ಅವರು ಯಾರ ಬಳಿಯಾದರೂ ಹೋಗುತ್ತಾರೆ. ಹಾಗಿದ್ದರೆ ಅಪಾಯ ಇನ್ನೂ ಸೂಕ್ಷ್ಮವಾಯಿತು, ಏಕೆಂದರೆ ಈಗಾಗಲೇ ಬಿರಿದ ನಾಳವಿರುವ ಕತ್ತೂ ಮಾಮೂಲಿ ಕತ್ತುನೋವಿನ ವೇಷದಲ್ಲೇ ಬರುತ್ತದೆ. ಹಿಂದೆಂದೂ ಬಾರದಂಥ ನೋವು ಕತ್ತಿನ ಒಂದೇ ಬದಿಗೆ ಇದ್ದಕ್ಕಿದ್ದಂತೆ ಬಂದರೆ, ಜೊತೆಗೆ ತಲೆ ಸುತ್ತು, ಎರಡೆರಡು ಕಾಣುವುದು, ಮಾತು ತೊದಲುವುದು, ನುಂಗಲು ಕಷ್ಟ, ನಡಿಗೆ ವಾಲುವುದು ಇವುಗಳಲ್ಲಿ ಒಂದಿದ್ದರೂ ಆ ಕತ್ತನ್ನು ಯಾರ ಕೈಗೂ ಕೊಡದೆ ಆಸ್ಪತ್ರೆಗೆ ಓಡಬೇಕು. ಕೈ, ಕಾಲಿನ ಬಲ ಕುಗ್ಗಿದ್ದರೂ ಅಷ್ಟೆ.

ಉಳಿದ ಮಾಮೂಲಿ ಕತ್ತುನೋವಿಗೆ ಏನು ಮಾಡಬೇಕು ಎಂದು ನೀವು ಕೇಳಿಯೇ ಕೇಳುತ್ತೀರಿ. 51 ಪ್ರಯೋಗಗಳನ್ನು ಒಟ್ಟುಗೂಡಿಸಿದ 2015ರ ಕಾಕ್ರೇನ್ ಪರಾಮರ್ಶೆಯಲ್ಲಿ, ಲಟಕ್ ಎನಿಸುವುದಕ್ಕೂ ಕೀಲನ್ನು ನಿಧಾನವಾಗಿ ಆಡಿಸುವುದಕ್ಕೂ ಫಲ ಹೆಚ್ಚುಕಡಿಮೆ ಸಮ ಎಂದಿದೆ. ನಿಧಾನಕ್ಕೆ ಆಡಿಸುವಾಗ ರೋಗಿ "ಬೇಡ, ನಿಲ್ಲಿಸಿ" ಅನ್ನಲು ಸಮಯವಿರುತ್ತದೆ. ಅದೊಂದೇ ಕಾರಣ ನನಗೆ ಸಾಕು.

ಇನ್ನೊಂದು ಪ್ರಯೋಗವನ್ನು ವಿವರವಾಗಿ ಹೇಳಿ ಮುಗಿಸುತ್ತೇನೆ. ಅಮೆರಿಕದ ಮಿನ್ನೆಸೋಟಾದಲ್ಲಿ 272 ಮಂದಿ ಕತ್ತುನೋವಿನವರನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿ 2012ರಲ್ಲಿ ಫಲಿತಾಂಶ ಹೇಳಿದರು. ಒಂದು ಗುಂಪಿಗೆ 12 ವಾರ ಬೆನ್ನುಮೂಳೆ ತಳ್ಳುವ ಚಿಕಿತ್ಸೆ, ಇನ್ನೊಂದಕ್ಕೆ ನೋವಿನ ಔಷಧಿ. ಮೂರನೆಯವರನ್ನು ಎರಡೇ ಸಲ, ಒಂದೊಂದು ಗಂಟೆ ಕೂರಿಸಿಕೊಂಡು ಮನೆಯಲ್ಲಿ ಮಾಡಿಕೊಳ್ಳುವ ವ್ಯಾಯಾಮ ಕಲಿಸಿ ಕಳಿಸಿದರು. ತಳ್ಳಿಸಿಕೊಂಡವರು ಔಷಧಿ ನುಂಗಿದವರಿಗಿಂತ ಚೆನ್ನಾಗಿದ್ದರು. ಮನೆ ವ್ಯಾಯಾಮದವರು ತಳ್ಳಿಸಿಕೊಂಡವರಿಗೆ ಸರಿಸಮ ಇದ್ದರು. ಆ ವ್ಯಾಯಾಮದಲ್ಲಿ ಭಾರ ಎತ್ತುವುದಿಲ್ಲ, ಯಂತ್ರವಿಲ್ಲ. ಗದ್ದವನ್ನು ಹಿಂದಕ್ಕೆ ಸೆಳೆಯುವುದು, ಕತ್ತನ್ನು ಬಗ್ಗಿಸಿ ಎತ್ತುವುದು, ಬದಿಗೆ ವಾಲಿಸುವುದು, ನೋವು ಬಿಡುವಷ್ಟೇ ತಿರುಗಿಸುವುದು, ಹೆಗಲೆಲುಬುಗಳನ್ನು ಹಿಂದೆ ಕೂಡಿಸುವುದು. ಒಂದೊಂದನ್ನೂ ಐದರಿಂದ ಹತ್ತು ಸಲ, ದಿನಕ್ಕೆ ಆರೆಂಟು ಬಾರಿ. ಬಸ್ಸಿಗೆ ಕಾಯುವಾಗಲೂ ಮಾಡಬಹುದು. ಈ ಸಭಾಂಗಣದ ಕುರ್ಚಿಗಳಲ್ಲಿ ಇಷ್ಟು ಹೊತ್ತು ಕೂತಿದ್ದೀರಿ, ಬೇಕಾದರೆ ಈಗಲೇ ಒಮ್ಮೆ ಮಾಡಿ ನೋಡಿ. ಆಮೇಲೆ ಪ್ರಶ್ನೆಗಳಿಗೆ ಬರೋಣ.